ಸಹಾಯ ಬೇಕು: ಕ್ರಾನಿಕ್ ಫಟೀಗ್‌ಗೆ ಗುಂಪು ಚಿಕಿತ್ಸೆ ಪಡೆದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನಿಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇದೆ. ಸುಮ್ನೆ ಸುಸ್ತಲ್ಲ ಇದು. ಒಂದು ದಿನ ಸ್ವಲ್ಪ ಜಾಸ್ತಿ ಓಡಾಡಿದರೆ ಮರುದಿನವೋ, ಅದರ ಮರುದಿನವೋ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ.

ಈಗ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನವರು ಗುಂಪು ಚಿಕಿತ್ಸೆಗೆ ಕರೆದಿದ್ದಾರೆ. ಇರುವ ಶಕ್ತಿಯನ್ನು ಲೆಕ್ಕ ನೋಡಿ ಖರ್ಚು ಮಾಡುವ ‘ಪೇಸಿಂಗ್’ ಹೇಳಿಕೊಡುತ್ತಾರಂತೆ. ಅದಾದರೆ ಸರಿ. ವಾರ ವಾರ ವ್ಯಾಯಾಮ ಏರಿಸುತ್ತಾ ಹೋಗಿ ಅಂದರೆ ಮಾತ್ರ ಬೇಡ. ಹಾಗೆ ಮಾಡಿಸಬಾರದು ಅಂತ ಯಾವ ಚಿಕಿತ್ಸೆ ಕೊಡಬೇಕು ಅಂತ ಸಲಹೆ ಕೊಡುವ ಅಲ್ಲಿನ ನೈಸ್ ಸಂಸ್ಥೆಯೇ 2021ರ ಮಾರ್ಗಸೂಚಿಯಲ್ಲಿ ಹೇಳಿದೆ, ಅಲ್ವಾ?

ಅಲ್ಲಿರುವ ಕನ್ನಡಿಗರು ಯಾರಾದರೂ ಹೋಗಿದ್ದರೆ ತಿಳಿಸಿ. ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ಸೇರಬಹುದಾ? ನಡುವೆ ಕ್ಯಾಮೆರಾ ಆಫ್ ಮಾಡಿ ಮಲಗಿದರೆ ನಡೆಯುತ್ತಾ? ಒಂದೆರಡು ವಾರ ತಪ್ಪಿದರೆ ಹೆಸರು ತೆಗೆದುಬಿಡುತ್ತಾರಾ? (ಯೋಗ ಮಾಡಿಸಿ, ಪ್ರಾಣಾಯಾಮ ಮಾಡಿಸಿ ಅನ್ನುವ ಸಲಹೆ ದಯವಿಟ್ಟು ಬೇಡ, ಈಗಾಗಲೇ ಬೇಕಾದಷ್ಟು ಬಂದಿದೆ.)