ಅಪ್‌ಡೇಟ್: ಕರ್ನಲ್ ಬದಲಾದ ಮೇಲೆ ಏಳದಿದ್ದ ಕಂಪ್ಯೂಟರ್ ಸರಿಹೋಯಿತು

ಮಂಡ್ಯದ ನಮ್ಮ ಡಿಟಿಪಿ ಅಂಗಡಿಯ ಉಬುಂಟು (ಲಿನಕ್ಸ್) ಕಂಪ್ಯೂಟರ್ ಹೊಸ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಬಂದ ಮೇಲೆ ‘ಕರ್ನಲ್ ಪ್ಯಾನಿಕ್’ ಎಂದು ಕಪ್ಪು ಪರದೆಯಲ್ಲೇ ನಿಲ್ಲುತ್ತಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಸರಿಹೋಗಿದೆ. ಗ್ರಾಹಕರ ಲಗ್ನಪತ್ರಿಕೆಗಳ ಒಂದು ಫೈಲೂ ಹೋಗಿಲ್ಲ.

ಗ್ರಬ್ ಮೆನುವಿನಲ್ಲಿ (ಯಾವ ಕರ್ನಲ್‌ನಿಂದ ಯಂತ್ರ ಏಳಬೇಕೆಂದು ಆರಿಸುವ ಪಟ್ಟಿ) ಹಳೆಯ ಕರ್ನಲ್ ಆರಿಸಿ ನೋಡಿ ಎಂದವರಿಗೆ ನಾನು ಋಣಿ. ಯಂತ್ರ ಆನ್ ಆಗುತ್ತಿದ್ದಂತೆ ಎಸ್ಕೇಪ್ ಕೀಲಿ ಒತ್ತಿ, ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಿಂದಿನ ಆವೃತ್ತಿಯನ್ನು ಆರಿಸಿದೆ. ಎಂದಿನಂತೆ ತೆರೆದುಕೊಂಡಿತು. ಡಿಸ್ಕ್ ಕೆಟ್ಟಿದೆ, ಹೊಸದು ಹಾಕಿಸಿ ಎಂದು ಕೆಲವರು ಹೇಳಿದ್ದ ಮಾತಿಗೆ ಅಲ್ಲಿಗೆ ಬಲ ಉಳಿಯಲಿಲ್ಲ.

ಕಾರಣ ಬೇರೆಯೇ ಇತ್ತು. ಟರ್ಮಿನಲ್‌ನಲ್ಲಿ ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಡಿಎಫ್ ಆದೇಶ ಕೊಟ್ಟಾಗ, ಪ್ರತ್ಯೇಕವಾಗಿದ್ದ ಬೂಟ್ ವಿಭಾಗದ (ಡಿಸ್ಕ್‌ನಲ್ಲಿ ಕರ್ನಲ್ ಫೈಲುಗಳಿರುವ ಭಾಗ) ಎದುರು 100% ಎಂದಿತ್ತು. ಹಳೆಯ ಕರ್ನಲ್‌ಗಳೇ ಜಾಗವನ್ನೆಲ್ಲ ತುಂಬಿಕೊಂಡಿದ್ದವು. ಹೊಸ ಆವೃತ್ತಿಯ ವಿಎಂಲಿನಜ್ ಫೈಲ್ (ಅಂದರೆ ಕರ್ನಲ್ಲೇ) ಬಂದಿತ್ತು. ಅದರ ಜೋಡಿಯಾದ ಇನಿಟ್‌ಆರ್‌ಡಿ ಫೈಲ್ ಮಾತ್ರ ಜಾಗ ಸಾಲದೆ ಇರಲಿಲ್ಲ. ಉಬುಂಟು ಇರುವ ಮೂಲ ವಿಭಾಗವನ್ನು ತಲುಪಲು ಬೇಕಾದ ಡ್ರೈವರ್‌ಗಳು ಇರುವುದು ಇನಿಟ್‌ಆರ್‌ಡಿಯಲ್ಲೇ. ಅದಿಲ್ಲದೆ ಕರ್ನಲ್ ಮುಂದೆ ಹೋಗುವುದಾದರೂ ಎಲ್ಲಿಗೆ?

ಸದ್ಯ ಓಡುತ್ತಿರುವ ಕರ್ನಲ್ ಯಾವುದೆಂದು ಯುನೇಮ್ ಆದೇಶದಿಂದ ಖಚಿತಪಡಿಸಿಕೊಂಡು, ಅದನ್ನು ಮತ್ತು ಹೊಸದನ್ನು ಬಿಟ್ಟು ಉಳಿದವನ್ನು ಆಪ್ಟ್ (ಉಬುಂಟುವಿನಲ್ಲಿ ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಸಾಧನ) ಮೂಲಕ ತೆಗೆದೆ. ಫೈಲುಗಳನ್ನು ಕೈಯಿಂದ ಅಳಿಸಬೇಡಿ, ಪ್ಯಾಕೇಜ್ ಲೆಕ್ಕ ತಪ್ಪುತ್ತದೆ. ಆಮೇಲೆ ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ ಆದೇಶದಿಂದ ಹೊಸ ಕರ್ನಲ್‌ಗೆ ಇನಿಟ್‌ಆರ್‌ಡಿ ಕಟ್ಟಿ, ಗ್ರಬ್ ಮೆನು ಹೊಸದಾಗಲು ಅಪ್‌ಡೇಟ್-ಗ್ರಬ್ ಓಡಿಸಿದೆ. ಇನಿಟ್‌ಆರ್‌ಡಿ ಫೈಲ್ ಕಣ್ಣಿಗೆ ಕಂಡ ಮೇಲೆಯೇ ರೀಬೂಟ್ ಮಾಡಿದೆ.

ಇದೇ ತೊಂದರೆಯಲ್ಲಿರುವವರು ದಯವಿಟ್ಟು ಫಾರ್ಮ್ಯಾಟ್‌ಗೆ ಕೈಹಾಕುವ ಮುನ್ನ ಬೂಟ್ ವಿಭಾಗದ ಜಾಗ ನೋಡಿ. ಒಂದು ಹಳೆಯ ಕರ್ನಲ್ ಅನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೇನೆ.