‘ರನ್’ ಅಂದ್ರೆ ಬರೀ ಓಡುವುದಾ?

(ಮಾತಾಡುವವರ ಹೆಸರಿನ ಬದಲು ಅವರವರ ಊರಿನ ಹೆಸರು ಕೊಟ್ಟಿದೆ.)

ಬದಿಯಡ್ಕ: ಕನ್ನಡ ಮೀಡಿಯಂ ಮಕ್ಕಳು ‘ರನ್’ ಕಂಡಲ್ಲೆಲ್ಲ ‘ಓಡು’ ಬರೆಯುತ್ತಾರೆ. ‘ಹಿಸ್ ನೋಸ್ ಈಸ್ ರನ್ನಿಂಗ್’ಗೆ ‘ಮೂಗು ಓಡುತ್ತಿದೆ’! ಹೇಗೆ ತಿದ್ದುವುದು?

ಕುಂಬಳೆ: ಮಾಷ್ಟ್ರೇ, ಮೊದಲು ಕರ್ಮಪದ ಉಂಟೋ ನೋಡಿಸಿ. ಇದ್ದರೆ ಹೆಚ್ಚಾಗಿ ‘ನಡೆಸು’: ‘ರನ್ ಎ ಶಾಪ್’, ಅಂಗಡಿ ನಡೆಸು. ಇಲ್ಲದಿದ್ದರೆ ಕರ್ತೃವೇ ಅರ್ಥ ಹೇಳುತ್ತದೆ. ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ. ಬಸ್ಸು ಮಾತ್ರ ನಮ್ಮಲ್ಲೂ ಓಡುತ್ತದೆ. ಅದನ್ನು ನೋಡಿ ಎಲ್ಲ ಕಡೆಗೂ ‘ಓಡು’ ಹಾಕಿ ಮಕ್ಕಳು ಎಡವುತ್ತಾರೆ.

ಮಂಜೇಶ್ವರ: ‘ರನ್ ಔಟ್ ಆಫ್’ ಬೇರೆಯೇ ಕಲಿಸಿ. ಕನ್ನಡದಲ್ಲಿ ಸಕ್ಕರೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ‘ವೀ ಹ್ಯಾವ್ ರನ್ ಔಟ್ ಆಫ್ ಶುಗರ್’, ಕರ್ತೃ ನಾವು. ಅಲ್ಲಿ ‘ಹ್ಯಾವ್ ರ್‍ಯಾನ್’ ತಪ್ಪು, ಮೂರನೇ ರೂಪ ಪುನಃ ‘ರನ್’. ಚುನಾವಣೆಗೆ ಅಮೆರಿಕದವರು ‘ರನ್’ ಅಂದರೆ ಬ್ರಿಟನ್ನಿನವರು ‘ಸ್ಟ್ಯಾಂಡ್’ ಅನ್ನುತ್ತಾರೆ, ನಮ್ಮ ಹಾಗೆ ನಿಲ್ಲುವುದು.

ಬದಿಯಡ್ಕ: ಕ್ರಿಕೆಟಿನ ರನ್ನು?

ಕುಂಬಳೆ: ಅದನ್ನು ಮುಟ್ಟಬೇಡಿ ಮಾರಾಯ್ರೆ, ಅದೀಗ ಕನ್ನಡವೇ.