ವಿಕ್ಕಾ ಚರ್ಚುಗಳ ಆಡಳಿತ ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ (ಶಿರಸಿ): ನಮ್ಮ ಮಾರಿಕಾಂಬಾ ದೇವಸ್ಥಾನಕ್ಕೆ ಧರ್ಮದರ್ಶಿ ಮಂಡಳಿ, ಬಾಬುದಾರರು ಇರುವಂತೆ, ವಿಕ್ಕಾ ಎಂಬ ಆಧುನಿಕ ಪೇಗನ್ (ಪ್ರಕೃತಿ ಆರಾಧನೆಯ) ಧರ್ಮದ ಸಮುದಾಯಗಳಲ್ಲಿ ಪೂಜೆ ಮತ್ತು ಆಡಳಿತದ ಹೊಣೆ ಯಾರ ಮೇಲಿರುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಕಾರವಾರ): ಇಡೀ ಪಂಥಕ್ಕೆ ಒಬ್ಬ ಮುಖ್ಯಸ್ಥರೆಂಬುವರಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್ ಪ್ರಚಾರಕ್ಕೆ ತಂದ ಸಂಪ್ರದಾಯದಲ್ಲಿ ‘ಕೋವನ್’ ಎಂಬ ಸಣ್ಣ ಗುಂಪೇ ಮೂಲ ಘಟಕವಾಗಿದ್ದು, ಮೂರು ಹಂತಗಳ ದೀಕ್ಷೆಯನ್ನೂ ವರ್ಷದ ಎಂಟು ಹಬ್ಬಗಳನ್ನೂ ಪ್ರಧಾನ ಅರ್ಚಕಿ ಮತ್ತು ಅರ್ಚಕರು ನಡೆಸಿಕೊಡುತ್ತಾರೆ.

ಉತ್ತರ (ಕುಮಟಾ): ವಿಕ್ಕಾ ಗುಂಪುಗಳು ಚರ್ಚಿನ ರೂಪ ತಾಳುವುದಕ್ಕೆ ಕಾನೂನಿನ ಮಾನ್ಯತೆಯೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಕವನೆಂಟ್ ಆಫ್ ದಿ ಗಾಡೆಸ್ ಎಂಬ ಒಕ್ಕೂಟವು, ಸದಸ್ಯ ಕೋವನ್‌ಗಳ ಸ್ವಾಯತ್ತತೆಗೆ ಕೈಹಾಕದೆ ಅವುಗಳಿಗೆ ಅಧಿಕೃತ ಧಾರ್ಮಿಕ ಸಂಸ್ಥೆಯ ಆಸರೆ ನೀಡುತ್ತದೆ, ತೀರ್ಮಾನಗಳನ್ನು ಸರ್ವಸಮ್ಮತಿಯಿಂದ ಕೈಗೊಳ್ಳುತ್ತದೆ (ಸಭೆಗಳು ಎಷ್ಟು ಹೊತ್ತು ಎಳೆಯುತ್ತವೆಯೋ!).

ಉತ್ತರ (ಕಾರವಾರ): ಒಪ್ಪುತ್ತೇನೆ. 1986ರಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ, ಕೈದಿಯೊಬ್ಬರ ಪ್ರಕರಣದಲ್ಲಿ, ವಿಕ್ಕಾವನ್ನು ಧರ್ಮವೆಂದೇ ಪರಿಗಣಿಸಿತು.